‘ನಾನಿಲ್ಲಿ ಕ್ಷೇಮ’ ಎಂಬ ಸುಳ್ಳು

ಕಾಗದ ಬರೆಯುವ ಕಾಲದಲ್ಲಿ ನಮ್ಮ ಕರಾವಳಿಯ ಮನೆಗಳಿಗೆ ಕೊಲ್ಲಿ ರಾಷ್ಟ್ರಗಳಿಂದ ಬರುತ್ತಿದ್ದ ಪತ್ರಗಳಿಗೆಲ್ಲ ಬಹುತೇಕ ಒಂದೇ ಆರಂಭವಿತ್ತು. ಸಲಾಮಿನ ಬಳಿಕ ‘ನಾನಿಲ್ಲಿ ಕ್ಷೇಮ, ನಿಮ್ಮೆಲ್ಲರ ಕ್ಷೇಮಕ್ಕಾಗಿ ಅಲ್ಲಾಹನಲ್ಲಿ ಪ್ರಾರ್ಥಿಸುತ್ತೇನೆ’ ಎಂಬ ಸಾಲು. ಬರೆಯಲು ಬಾರದವನು ಕೋಣೆಯ ಗೆಳೆಯನಿಂದ ಬರೆಸಿದರೂ ಈ ಸಾಲು ತಪ್ಪುತ್ತಿರಲಿಲ್ಲ. ಓದಲು ಬಾರದ ತಾಯಿ ನೆರೆಮನೆಯ ಹುಡುಗನಿಂದ ಓದಿಸಿಕೊಳ್ಳುವಾಗ, ಈ ಸಾಲು ಮುಗಿದೊಡನೆ ‘ಅಲ್‌ಹಮ್ದುಲಿಲ್ಲಾಹ್’ ಎಂದು ಕಣ್ಣೊರೆಸಿಕೊಳ್ಳುವುದೂ ತಪ್ಪುತ್ತಿರಲಿಲ್ಲ. ಪತ್ರದ ಉಳಿದ ಭಾಗದಲ್ಲಿ ಹಣ ಕಳುಹಿಸಿದ ವಿವರ, ತಂಗಿಯ ಮದುವೆಯ ವಿಚಾರ, ಮನೆಯ ಹಂಚು ಬದಲಿಸುವ ಮಾತು ಇರುತ್ತಿದ್ದವು. ಬರೆದವನ ಮನಸ್ಸಿನ ವಿಚಾರ ಮಾತ್ರ ಆ ಮೊದಲ ಸಾಲಿನಲ್ಲೇ ಮುಗಿದುಹೋಗಿರುತ್ತಿತ್ತು.

1973ರ ತೈಲಬೆಲೆ ಏರಿಕೆಯ ನಂತರ ಕೊಲ್ಲಿಯ ದಾರಿ ಅಗಲವಾಯಿತು. ಕೇರಳದ ಹಾಗೆಯೇ ದಕ್ಷಿಣ ಕನ್ನಡ, ಉಡುಪಿ, ಭಟ್ಕಳಗಳ ಯುವಕರು ಆ ದಾರಿ ಹಿಡಿದರು. ಅಂದಿನಿಂದ ಇಂದಿನವರೆಗೆ ಮನೆಯೊಡನೆ ಮಾತನಾಡುವ ಸಾಧನಗಳು ಎಷ್ಟೋ ಬದಲಾದವು. ಪತ್ರದ ಜೊತೆಗೆ ಧ್ವನಿ ತುಂಬಿದ ಕ್ಯಾಸೆಟ್ ಬಂತು. ಬಳಿಕ ಐಎಸ್‌ಡಿ ಬೂತ್, ಕಾಲಿಂಗ್ ಕಾರ್ಡ್, ಮೊಬೈಲ್, ಈಗ ಮುಖ ಕಾಣುವ ವಿಡಿಯೊ ಕರೆ. ಸಾಧನಗಳು ಹತ್ತಿರವಾದಷ್ಟೂ ಮನಸ್ಸು ಹತ್ತಿರವಾಗಬೇಕಿತ್ತು. ಆಗಿದ್ದೇ ಬೇರೆ. ಕಾಗದದಲ್ಲಿ ಒಂದು ಸಾಲಿನಲ್ಲಿ ಹೇಳುತ್ತಿದ್ದ ಸುಳ್ಳನ್ನು ಈಗ ಮುಖದಲ್ಲಿ ನಟಿಸಬೇಕಾಗಿದೆ. ವಿಡಿಯೊ ಕರೆ ಮಾಡುವ ಮೊದಲು ಅವನು ಮುಖ ತೊಳೆದು, ಅಂಗಿ ಬದಲಿಸಿ, ಬಂಕ್ ಮಂಚ ಕಾಣದ ಹಾಗೆ ಗೋಡೆಗೆ ಬೆನ್ನುಹಾಕಿ ನಿಲ್ಲುತ್ತಾನೆ. ಮನೆಯವರಿಗೆ ಕಾಣುವುದು ಅವನು ಆರಿಸಿದ ಗೋಡೆ.

ಇತ್ತೀಚಿನ ವರ್ಷಗಳಲ್ಲಿ ಈ ಸಾಧನಗಳ ಸಾಲಿಗೆ ಇನ್ನೊಂದು ಸೇರಿದೆ. ಅದು ಆನ್‌ಲೈನ್ ಆಪ್ತಸಮಾಲೋಚನೆ. ಮರುಭೂಮಿಯ ನಡುವಿನ ಕ್ಯಾಂಪಿನಲ್ಲಿರುವವನು, ಕಡಲ ನಡುವಿನ ತೈಲ ವೇದಿಕೆಯಲ್ಲಿ ದುಡಿಯುವವನು ತನ್ನ ಆತಂಕವನ್ನು ದೂರದ ಆಪ್ತಸಮಾಲೋಚಕರೊಡನೆ ಫೋನಿನಲ್ಲೋ ಪರದೆಯ ಮೇಲೋ ಹೇಳಿಕೊಳ್ಳಬಹುದು ಎಂಬುದು ಇದರ ಭರವಸೆ. ಈ ಭರವಸೆಯನ್ನು ಕೆಲವರು ಪವಾಡದಂತೆ ಹೊಗಳುತ್ತಾರೆ. ಇನ್ನು ಕೆಲವರು ‘ಇದೆಲ್ಲ ದುಡ್ಡಿದ್ದವರ ಚಟ’ ಎಂದು ತಳ್ಳಿಹಾಕುತ್ತಾರೆ. ಇವೆರಡೂ ಅವಸರದ ತೀರ್ಪುಗಳೆಂದು ನಾವು ಭಾವಿಸುತ್ತೇವೆ. ಇದು ಏನನ್ನು ಮಾಡಬಲ್ಲದು, ಏನನ್ನು ಮಾಡಲಾರದು, ಯಾರ ಹೊಣೆಯನ್ನು ಯಾರ ತಲೆಗೆ ಕಟ್ಟುತ್ತಿದೆ ಎಂಬುದನ್ನು ಪರಿಶೀಲಿಸಬೇಕಾಗಿದೆ.

ಹಾಡು, ಕಾದಂಬರಿ ಮತ್ತು ನಾವು ಕಾಣದ ಮನುಷ್ಯ

ಕೊಲ್ಲಿಯ ಬದುಕನ್ನು ನಮ್ಮ ನೆರೆಯ ಮಲಯಾಳ ಬಹಳ ಹಿಂದೆಯೇ ಕಲೆಯಾಗಿಸಿತು. 1970ರ ದಶಕದ ಕೊನೆಯಲ್ಲಿ ಎಸ್.ಎ. ಜಮೀಲ್ ರಚಿಸಿ ಹಾಡಿದ ‘ದುಬೈ ಕತ್ತ್ ಪಾಟ್ಟ್’ ಕೊಲ್ಲಿಯಲ್ಲಿರುವ ಗಂಡನಿಗೆ ಹೆಂಡತಿ ಬರೆದ ಪತ್ರದ ರೂಪದಲ್ಲಿದೆ. ಅದಕ್ಕೆ ಗಂಡನ ಮರುಪತ್ರವೂ ಹಾಡಾಗಿ ಬಂತು. ಮಾಪ್ಪಿಳ ಹಾಡಿನ ಧಾಟಿಯಲ್ಲಿದ್ದ ಆ ಪತ್ರಗಳು ಕೇರಳದಲ್ಲಿ ಮಾತ್ರವಲ್ಲ, ಕೊಲ್ಲಿಯ ಕೋಣೆಗಳಲ್ಲೂ ಕ್ಯಾಸೆಟ್ಟುಗಳಲ್ಲಿ ಮೊಳಗಿದವು. ಹಣಕ್ಕಾಗಿ ದೂರವಾದ ದಂಪತಿಗಳ ವಿರಹವನ್ನು ಸಭೆಯ ಮುಂದೆ ಆಡಬಾರದ ಮಾತೆಂದು ತಿಳಿದಿದ್ದ ಸಮಾಜದಲ್ಲಿ ಅದು ಸಣ್ಣ ಸಾಹಸವಾಗಿರಲಿಲ್ಲ. ಆದರೆ ಆ ಹಾಡು ಬಾಯಿ ಕೊಟ್ಟದ್ದು ವಿರಹಕ್ಕೆ. ಕಾರಣ ಹೇಳಲಾಗದ ಭಯಕ್ಕೆ ಹಾಡು ಹುಟ್ಟಲಿಲ್ಲ.

2008ರಲ್ಲಿ ಬೆನ್ಯಾಮಿನ್ ಅವರ ‘ಆಡುಜೀವಿತಂ’ ಕಾದಂಬರಿ ಬಂತು. 2024ರಲ್ಲಿ ಬ್ಲೆಸ್ಸಿ ಅದನ್ನು ಚಲನಚಿತ್ರವಾಗಿಸಿದರು. ಸೌದಿಯ ಮರುಭೂಮಿಯಲ್ಲಿ ಆಡುಗಳ ನಡುವೆ ಗುಲಾಮನಂತೆ ಸಿಕ್ಕಿಬಿದ್ದ ನಜೀಬನ ಕಥೆ ಅದು. ಚಿತ್ರ ನೋಡಿ ಬಂದವರು ಹೆಚ್ಚಾಗಿ ಮಾತನಾಡಿದ್ದು ನಟ ಪೃಥ್ವಿರಾಜ್ ದೇಹ ಕರಗಿಸಿಕೊಂಡ ಬಗ್ಗೆ, ಮರಳುಗಾಡಿನ ದೃಶ್ಯಗಳ ಬಗ್ಗೆ, ಅರಬಾಬನ ಕ್ರೌರ್ಯದ ಬಗ್ಗೆ. ಕಾದಂಬರಿಯ ಎರಡು ಸಂಗತಿಗಳು ನಮಗೆ ಇವೆಲ್ಲಕ್ಕಿಂತ ಮುಖ್ಯವಾಗಿ ಕಂಡವು. ಒಂದು, ನಜೀಬ್ ಆಡುಗಳಿಗೆ ತನ್ನೂರಿನವರ ಹೆಸರಿಟ್ಟು ಅವುಗಳೊಡನೆ ಮಾತನಾಡುತ್ತಾನೆ. ಎರಡು, ಅವನು ಊರಿನಲ್ಲಿರುವ ಹೆಂಡತಿ ಸೈನುವಿಗೆ ಮನಸ್ಸಿನಲ್ಲೇ ಪತ್ರ ಬರೆಯುತ್ತಾನೆ. ಆ ಪತ್ರ ಎಂದೂ ಅಂಚೆಗೆ ಬೀಳುವುದಿಲ್ಲ. ಆದರೂ ಅದರಲ್ಲಿ ತಾನು ಸುಖವಾಗಿದ್ದೇನೆ ಎಂದೇ ಬರೆಯುತ್ತಾನೆ!

ಯಾರೂ ಓದದ ಪತ್ರದಲ್ಲೂ ಸತ್ಯ ಬರೆಯಲಾಗದ ಮನುಷ್ಯ. ಕೊಲ್ಲಿಗೆ ಹೋದವನ ಮನಸ್ಸನ್ನು ಇದಕ್ಕಿಂತ ಚೆನ್ನಾಗಿ ಕಟ್ಟಿಕೊಟ್ಟ ಬರಹವನ್ನು ನಾವು ಓದಿಲ್ಲ. ಹಾಗೆಯೇ, ಅವನನ್ನು ಬದುಕಿಸಿದ್ದು ಬರೀ ದೇಹದ ಗಟ್ಟಿತನವಲ್ಲ, ಆಡುಗಳ ಮುಂದಾದರೂ ಬಾಯಿ ಬಿಟ್ಟದ್ದು ಎಂದು ನಮಗನಿಸುತ್ತದೆ. ಕೇಳುವ ಕಿವಿ ಬೇಕೆಂಬ ಹಸಿವು ಅನ್ನದ ಹಸಿವಿನಷ್ಟೇ ಹಳೆಯದು.

ಆದರೆ ಇಂಥ ಕೃತಿಗಳಿಂದ ಒಂದು ತೊಂದರೆಯೂ ಇದೆ, ಅದು ಕೃತಿಯ ತಪ್ಪಲ್ಲ, ನಮ್ಮ ಓದಿನ ತಪ್ಪು. ಅಸಾಧಾರಣ ಕ್ರೌರ್ಯವನ್ನು ಕಂಡು ಮರುಗಿ ಬಂದ ನಾವು ಸಾಧಾರಣ ಸಂಕಟವನ್ನು ಸಂಕಟವೆಂದೇ ಒಪ್ಪುವುದಿಲ್ಲ. ಸರಿಯಾದ ವೀಸಾ ಇದೆ, ತಿಂಗಳಿಗೆ ಸಂಬಳ ಬರುತ್ತದೆ, ಕೋಣೆಯಲ್ಲಿ ಎ.ಸಿ. ಇದೆ, ಯಾರೂ ಹೊಡೆಯುವುದಿಲ್ಲ. ಹಾಗಿದ್ದೂ ರಾತ್ರಿ ಎರಡು ಗಂಟೆಗೆ ಎದೆ ಡವಗುಟ್ಟಿ, ಬೆವರಿ, ‘ಈಗ ಸತ್ತೆ’ ಎಂದು ಎದ್ದು ಕೂರುವವನಿಗೆ ನಮ್ಮಲ್ಲಿ ಏನು ಉತ್ತರವಿದೆ? ‘ನಿನಗೇನು ಕಡಿಮೆಯಾಗಿದೆ?’ ಎಂಬ ಪ್ರಶ್ನೆಯೊಂದೇ. ನಜೀಬನಿಗೆ ಸಿಕ್ಕ ಕಣ್ಣೀರು ಇವನಿಗೆ ಸಿಗುವುದಿಲ್ಲ.

ಆತಂಕಕ್ಕೆ ಎಷ್ಟು ಹೆಸರು!

ಆತಂಕವೆಂದರೆ ಹೇಡಿತನವಲ್ಲ. ಅಪಾಯ ಬಂದಾಗ ದೇಹವನ್ನು ಎಚ್ಚರಿಸುವ ವ್ಯವಸ್ಥೆಯೊಂದು ನಮ್ಮೆಲ್ಲರಲ್ಲೂ ಇದೆ. ಹಾವು ಕಂಡರೆ ಎದೆ ಬಡಿದುಕೊಳ್ಳುವುದು ಅದರಿಂದಲೇ. ಹಾವಿಲ್ಲದಾಗಲೂ ಆ ಎಚ್ಚರಿಕೆಯ ಗಂಟೆ ಬಾರಿಸುತ್ತಲೇ ಇದ್ದರೆ ಅದು ಕಾಯಿಲೆ. ವಿಶ್ವ ಆರೋಗ್ಯ ಸಂಸ್ಥೆಯ ಲೆಕ್ಕದಂತೆ 2019ರಲ್ಲಿ ಜಗತ್ತಿನಲ್ಲಿ 30 ಕೋಟಿಗೂ ಹೆಚ್ಚು ಜನರು ಆತಂಕದ ಕಾಯಿಲೆಗಳಿಂದ ಬಳಲುತ್ತಿದ್ದರು. ಬೆಂಗಳೂರಿನ ನಿಮ್ಹಾನ್ಸ್ 2015-16ರಲ್ಲಿ ನಡೆಸಿದ ರಾಷ್ಟ್ರೀಯ ಮಾನಸಿಕ ಆರೋಗ್ಯ ಸಮೀಕ್ಷೆಯ ಪ್ರಕಾರ ಭಾರತದ ವಯಸ್ಕರಲ್ಲಿ 10.6 ಶೇಕಡ ಮಂದಿಗೆ ಒಂದಲ್ಲ ಒಂದು ಮಾನಸಿಕ ಕಾಯಿಲೆ ಇತ್ತು. ಬೇರೆ ಬೇರೆ ಕಾಯಿಲೆಗಳಲ್ಲಿ ಚಿಕಿತ್ಸೆ ಸಿಗದೆ ಉಳಿದವರ ಪ್ರಮಾಣ 70ರಿಂದ 92 ಶೇಕಡದವರೆಗೆ ಇತ್ತು. ಇದು ತಾಯ್ನಾಡಿನಲ್ಲಿ, ತಾಯ್ನುಡಿಯ ನಡುವೆ ಇರುವವರ ಸ್ಥಿತಿ. ಕೊಲ್ಲಿಯ ಆರು ರಾಷ್ಟ್ರಗಳಲ್ಲಿರುವ ಸುಮಾರು 90 ಲಕ್ಷ ಭಾರತೀಯರ ಪಾಡನ್ನು ಇದರಿಂದ ಊಹಿಸಿಕೊಳ್ಳಬಹುದು.

ಅವರೆಲ್ಲರೂ ದುಬೈಯ ಗಾಜಿನ ಕಟ್ಟಡಗಳಲ್ಲಿಲ್ಲ. ಸೌದಿ ಅರೇಬಿಯದ ರುಬ್ಅಲ್ ಖಾಲಿ ಮರಳುಗಾಡಿನೊಳಗೆ ಶೈಬಾ ತೈಲಕ್ಷೇತ್ರವಿದೆ. ಅಬುಧಾಬಿಯ ಕಡಲಿನಲ್ಲಿ ದಾಸ್ ದ್ವೀಪವಿದೆ. ಒಮಾನಿನ ಕರಾವಳಿಯಲ್ಲಿ ದುಕಂ ಇದೆ. ಇಂಥ ಕಡೆ ಕಣ್ಣು ಹಾಯಿಸಿದಷ್ಟು ದೂರ ಮರಳು ಅಥವಾ ನೀರು. ಕೆಲಸ, ಊಟ, ನಿದ್ದೆ ಎಲ್ಲವೂ ಒಂದೇ ಬೇಲಿಯೊಳಗೆ. ಊರಲ್ಲಿ ಮನಸ್ಸು ಕೆಟ್ಟರೆ ಸಂತೆಗೆ ಹೋಗಬಹುದು, ಭಾವನ ಮನೆಗೆ ಹೋಗಿ ಎರಡು ದಿನ ಕೂತು ಬರಬಹುದು. ಇಲ್ಲಿ ಬೇಲಿಯಾಚೆ ಹೋಗಲು ವಾಹನ ಬೇಕು, ಅನುಮತಿ ಬೇಕು. ಹೋದರೂ ಅಲ್ಲಿ ಗುರುತಿನವರಿಲ್ಲ.

ಇಂಥ ಒಬ್ಬ ಕೆಲಸಗಾರನನ್ನು ಕಲ್ಪಿಸಿಕೊಳ್ಳೋಣ. ವೀಸಾಕ್ಕಾಗಿ ಸಾಲ ಮಾಡಿ ಬಂದವನು. ಊರಲ್ಲಿ ತಂದೆಗೆ ಕಾಯಿಲೆ. ಒಂದು ರಾತ್ರಿ ಎದೆ ಹಿಂಡಿದಂತಾಗುತ್ತದೆ, ಕೈ ಜುಮ್ಮೆನ್ನುತ್ತದೆ, ಉಸಿರು ಸಾಲುವುದಿಲ್ಲ. ಹೃದಯಾಘಾತವೆಂದು ಗೆಳೆಯರು ಕ್ಲಿನಿಕ್ಕಿಗೆ ಒಯ್ಯುತ್ತಾರೆ. ಇಸಿಜಿ ಸರಿಯಾಗಿದೆ. ‘ಗ್ಯಾಸ್’ ಎಂದು ಮಾತ್ರೆ ಕೊಟ್ಟು ಕಳುಹಿಸುತ್ತಾರೆ. ಮತ್ತೊಂದು ರಾತ್ರಿ ಮತ್ತೆ ಅದೇ. ಈ ಬಾರಿ ಒಬ್ಬ ‘ಯಾರದ್ದೋ ಕಣ್ಣು ಬಿದ್ದಿದೆ’ ಎನ್ನುತ್ತಾನೆ. ಇನ್ನೊಬ್ಬ ‘ಜಿನ್ನ್’ ಎನ್ನುತ್ತಾನೆ. ಮೂರನೆಯವನು ‘ನಮಾಝ್ ಸರಿಯಾಗಿ ಮಾಡು, ಈಮಾನ್ ಗಟ್ಟಿ ಮಾಡಿಕೋ’ ಎಂದು ಉಪದೇಶಿಸುತ್ತಾನೆ. ಗ್ಯಾಸ್, ಕಣ್ಣು, ಜಿನ್ನ್, ಈಮಾನಿನ ಕೊರತೆ ಹೀಗೆ ಎಲ್ಲ ಹೆಸರುಗಳೂ ಬಂದವು. ಆತಂಕ ಎಂಬ ಅದರ ನಿಜವಾದ ಹೆಸರೊಂದನ್ನು ಬಿಟ್ಟು.

ದೂರದ ಕಿವಿ

ಅವನ ಕೈಯಲ್ಲಿರುವ ಮೊಬೈಲಿಗೆ ಆಪ್ತಸಮಾಲೋಚನೆ ತಲುಪಿದರೆ ಏನಾಗುತ್ತದೆ? ಈ ಪ್ರಶ್ನೆಗೆ ಉತ್ತರಿಸುವ ಮೊದಲು, ದೂರದಿಂದ ಕೇಳಿಸಿಕೊಳ್ಳುವ ಪ್ರಯತ್ನ ಹೊಸದಲ್ಲ ಎಂಬುದನ್ನು ನೆನಪಿಸಿಕೊಳ್ಳಬೇಕು. 1953ರಲ್ಲಿ ಲಂಡನ್ನಿನಲ್ಲಿ ಚಾಡ್ ವಾರಾ ಎಂಬ ಪಾದ್ರಿ ಆತ್ಮಹತ್ಯೆಯ ಯೋಚನೆಯಲ್ಲಿರುವವರಿಗಾಗಿ ದೂರವಾಣಿಯ ಸೇವೆ ಆರಂಭಿಸಿದರು. ಅದೇ ಮುಂದೆ ಸಮಾರಿಟನ್ಸ್ ಸಂಸ್ಥೆಯಾಯಿತು. 2006ರಲ್ಲಿ ಬ್ರಿಟನ್ನಿನ ಸರಕಾರಿ ಆರೋಗ್ಯ ವ್ಯವಸ್ಥೆಗೆ ಸಲಹೆ ನೀಡುವ ನೈಸ್ ಸಂಸ್ಥೆಯು ಗಾಬರಿ ಮತ್ತು ಭೀತಿಯ ಕಾಯಿಲೆಗಳಿಗೆ ಕಂಪ್ಯೂಟರ್ ಮೂಲಕ ನೀಡುವ ಚಿಕಿತ್ಸಾಕ್ರಮವೊಂದಕ್ಕೆ ಒಪ್ಪಿಗೆ ನೀಡಿತು. 2020ರ ಕೊರೊನಾ ಕಾಲ ಮಾತ್ರ ಇದನ್ನು ಮನೆಮನೆಗೆ ತಂದಿತು. ಬಾಗಿಲುಗಳೆಲ್ಲ ಮುಚ್ಚಿದಾಗ ಪರದೆಯೊಂದೇ ತೆರೆದಿತ್ತು.

ನಮ್ಮ ದೇಶದಲ್ಲಿ 2022ರ ಅಕ್ಟೋಬರ್ 10ರಂದು, ವಿಶ್ವ ಮಾನಸಿಕ ಆರೋಗ್ಯ ದಿನದಂದು, ‘ಟೆಲಿ ಮಾನಸ್’ ಯೋಜನೆ ಆರಂಭವಾಯಿತು. 14416 ಅದರ ಸಂಖ್ಯೆ. ಹಗಲಿರುಳೂ ಉಚಿತ. ನಿಮ್ಹಾನ್ಸ್ ಅದರ ಮುಖ್ಯ ಕೇಂದ್ರ. ಕನ್ನಡವೂ ಸೇರಿ 20 ಭಾಷೆಗಳಲ್ಲಿ ಅಲ್ಲಿ ಮಾತನಾಡಬಹುದು. 2024ರಲ್ಲಿ ವಿಡಿಯೊ ಸಮಾಲೋಚನೆಯನ್ನು ಮೊದಲಿಗೆ ಆರಂಭಿಸಿದ ಪ್ರದೇಶಗಳಲ್ಲಿ ಕರ್ನಾಟಕವೂ ಒಂದು. ಸರಕಾರದ ಯೋಜನೆಗಳನ್ನು ಟೀಕಿಸಲು ಕಾರಣಗಳನ್ನು ಹುಡುಕುವ ನಮ್ಮಂಥವರು ಒಳ್ಳೆಯದನ್ನು ಒಳ್ಳೆಯದೆಂದೂ ಹೇಳಬೇಕು. ಇದು ಒಳ್ಳೆಯ ಕೆಲಸ.

ಆತಂಕದ ವಿಷಯದಲ್ಲಿ ಈ ವಿಧಾನಕ್ಕೆ ಒಂದು ಅನುಕೂಲವಿದೆ. ಆತಂಕದ ಚಿಕಿತ್ಸೆಯ ದೊಡ್ಡ ಪಾಲು ಮಾತು ಮತ್ತು ಅಭ್ಯಾಸ. ಎದೆ ಬಡಿದಾಗ ‘ಸಾಯುತ್ತೇನೆ’ ಎಂಬ ಯೋಚನೆ ಬರುತ್ತದೆ. ಆ ಯೋಚನೆಯಿಂದ ಎದೆ ಇನ್ನಷ್ಟು ಬಡಿಯುತ್ತದೆ. ಈ ಸುತ್ತು ಹೇಗೆ ನಡೆಯುತ್ತದೆಂದು ಸಮಾಲೋಚಕರು ತೋರಿಸಿಕೊಡುತ್ತಾರೆ. ಯಾವ ಹೊತ್ತಿಗೆ, ಯಾವ ಸುದ್ದಿಯ ನಂತರ ಹೀಗಾಯಿತೆಂದು ಬರೆದಿಡಲು ಹೇಳುತ್ತಾರೆ. ಉಸಿರನ್ನು ನಿಧಾನಗೊಳಿಸಲು ಕಲಿಸುತ್ತಾರೆ. ಭಯದಿಂದ ಬಿಟ್ಟುಬಿಟ್ಟ ಕೆಲಸಗಳನ್ನು ಸ್ವಲ್ಪ ಸ್ವಲ್ಪವಾಗಿ ಮತ್ತೆ ಮಾಡಿಸುತ್ತಾರೆ. ಇವುಗಳಲ್ಲಿ ಹೆಚ್ಚಿನವನ್ನು ದೂರದಿಂದಲೂ ಕಲಿಸಬಹುದು. ಅಗತ್ಯವಿದ್ದವರನ್ನು ಮಾತ್ರೆಗಾಗಿ ವೈದ್ಯರ ಬಳಿ ಕಳುಹಿಸಬಹುದು.

ನಮ್ಮ ದೃಷ್ಟಿಯಲ್ಲಿ ಇದಕ್ಕಿಂತ ದೊಡ್ಡ ಲಾಭ ಬೇರೊಂದಿದೆ. ಐವತ್ತು ವರ್ಷಗಳಿಂದ ಕೊಲ್ಲಿಯವನು ಬಳಸಿದ ಎಲ್ಲ ಸಾಧನಗಳ ಇನ್ನೊಂದು ತುದಿಯಲ್ಲಿ ಇದ್ದವರು ಅವನ ಸಂಬಳವನ್ನು ನಂಬಿ ಬದುಕುವವರು. ಅವರ ಮುಂದೆ ಅವನು ಸತ್ಯ ಹೇಳಲಾರ, ಹೇಳಿದರೆ ಮನೆ ನಡುಗುತ್ತದೆ. ‘ನಾನಿಲ್ಲಿ ಕ್ಷೇಮ’ ಎನ್ನಬೇಕಾಗಿಲ್ಲದ ಮೊದಲ ತಂತಿ ಈ ಆಪ್ತಸಮಾಲೋಚನೆಯದ್ದು. ಕೇಳುವವರು ಅವನ ಹಣಕ್ಕೆ ಕಾಯುತ್ತಿಲ್ಲ, ಅವನ ಮರ್ಯಾದೆಯನ್ನು ಅಳೆಯುತ್ತಿಲ್ಲ. ಇಷ್ಟೇ ಸಾಕು, ಈ ವ್ಯವಸ್ಥೆಯನ್ನು ನಾವು ಸ್ವಾಗತಿಸಲು.

ಬಾಗಿಲಿಲ್ಲದ ಕೋಣೆ

ಸ್ವಾಗತಿಸಿದ ಮೇಲೆ ಪ್ರಶ್ನೆಗಳನ್ನೂ ಕೇಳಬೇಕು. ಆನ್‌ಲೈನ್ ಆಪ್ತಸಮಾಲೋಚನೆಯ ಜಾಹೀರಾತುಗಳಲ್ಲಿ ಒಬ್ಬ ವ್ಯಕ್ತಿ ಸೋಫಾದ ಮೇಲೆ ಕುಳಿತು, ಚಹಾದ ಕಪ್ಪು ಪಕ್ಕಕ್ಕಿಟ್ಟು, ಲ್ಯಾಪ್‌ಟಾಪ್ ಮುಂದೆ ಮಾತನಾಡುತ್ತಿರುತ್ತಾನೆ. ಆ ಚಿತ್ರದಲ್ಲಿ ಯಾರೂ ಗಮನಿಸದ ವಸ್ತುವೊಂದಿದೆ. ಅದು ಮುಚ್ಚಿದ ಬಾಗಿಲು. ಲೇಬರ್ ಕ್ಯಾಂಪಿನ ಒಂದು ಕೋಣೆಯಲ್ಲಿ ಆರೆಂಟು ಮಂದಿ. ಒಬ್ಬ ಮಲಗಿರುತ್ತಾನೆ, ಒಬ್ಬ ಅಡುಗೆಯಲ್ಲಿರುತ್ತಾನೆ, ಒಬ್ಬ ಊರಿಗೆ ಫೋನ್ ಮಾಡುತ್ತಿರುತ್ತಾನೆ. ಇವರ ನಡುವೆ ಕುಳಿತು ‘ನನಗೆ ಭಯವಾಗುತ್ತಿದೆ’ ಎಂದು ಹೇಳುವುದೆಲ್ಲಿ? ಶೌಚಾಲಯದಲ್ಲೇ? ನೀರಿನ ಟ್ಯಾಂಕಿನ ಹಿಂದೆ, 45 ಡಿಗ್ರಿ ಬಿಸಿಲಿನಲ್ಲೇ? ಏಕಾಂತದಲ್ಲಿ ಬಳಲುತ್ತಿರುವವನಿಗೆ ಏಕಾಂತವೇ ಸಿಗದಿರುವುದು ಎಂಥ ವಿಪರ್ಯಾಸ!

ಎರಡನೆಯದು ತಂತಿ. ಯು.ಎ.ಇ.ಯಲ್ಲಿ ವಾಟ್ಸಾಪ್ ಕರೆಗಳಿಗೆ ಬಹುಕಾಲ ನಿರ್ಬಂಧವಿತ್ತು. ಸೌದಿ ಅರೇಬಿಯ ಇಂಟರ್ನೆಟ್ ಕರೆಗಳ ಮೇಲಿನ ನಿರ್ಬಂಧವನ್ನು ಸಡಿಲಿಸಿದ್ದು 2017ರಲ್ಲಿ. ಟೆಲಿ ಮಾನಸ್‌ನ ಐದಂಕಿಯ ಕಿರುಸಂಖ್ಯೆ ರೂಪುಗೊಂಡಿರುವುದು ದೇಶದೊಳಗಿನ ಜಾಲಕ್ಕಾಗಿ. ಪುತ್ತೂರಿನಲ್ಲಿರುವ ತಾಯಿ ಅದನ್ನು ಒತ್ತಬಹುದು, ಶೈಬಾದಲ್ಲಿರುವ ಮಗನ ಅರಬ್ ಸಿಮ್‌ಗೆ ಆ ಸಂಖ್ಯೆಯಿಂದ ಉಪಯೋಗವಿಲ್ಲ.

ಮೂರನೆಯದು ಕಾನೂನು. 2020ರ ಮಾರ್ಚ್ 25ರಂದು ಹೊರಬಂದ ಭಾರತದ ಟೆಲಿಮೆಡಿಸಿನ್ ಮಾರ್ಗಸೂಚಿಗಳು ದೇಶದ ಗಡಿಯಾಚೆಗಿನ ಸಮಾಲೋಚನೆಯನ್ನು ತಮ್ಮ ವ್ಯಾಪ್ತಿಯಿಂದ ಹೊರಗಿಟ್ಟಿವೆ. ಅಂದರೆ ಮಂಗಳೂರಿನ ಮನೋವೈದ್ಯರು ದಮ್ಮಾಮಿನ ಕೆಲಸಗಾರನಿಗೆ ಪರದೆಯ ಮೇಲೆ ಚಿಕಿತ್ಸೆ ನೀಡಬೇಕಾದರೆ ಅವರಿಗೆ ಆಸರೆಯಾಗುವ ಸ್ಪಷ್ಟ ನಿಯಮವಿಲ್ಲ. ಮಾತ್ರೆಯ ವಿಷಯ ಇನ್ನೂ ಸೂಕ್ಷ್ಮ. ಊರಲ್ಲಿ ವೈದ್ಯರು ಬರೆದುಕೊಟ್ಟ ಕೆಲವು ಮಾತ್ರೆಗಳು ಕೊಲ್ಲಿ ರಾಷ್ಟ್ರಗಳಲ್ಲಿ ನಿಯಂತ್ರಿತ ಔಷಧಗಳ ಪಟ್ಟಿಯಲ್ಲಿವೆ. ಮುಂಚಿತ ಅನುಮತಿಯಿಲ್ಲದೆ ಚೀಲದಲ್ಲಿ ಹಾಕಿಕೊಂಡು ಹೋದರೆ ವಿಮಾನ ನಿಲ್ದಾಣದಲ್ಲೇ ಸಿಕ್ಕಿಬೀಳುವ ಅಪಾಯವಿದೆ. ರಜೆ ಮುಗಿಸಿ ಹೊರಡುವವರ ಕೈಗೆ ಮಾತ್ರೆಯ ಪೊಟ್ಟಣ ತುರುಕುವ ಮನೆಯವರು ಇದನ್ನು ಅಗತ್ಯವಾಗಿ ತಿಳಿದಿರಬೇಕು.

ನಾಲ್ಕನೆಯದು ಗುಟ್ಟು. ಕೊಲ್ಲಿಗೆ ಹೋಗುವ ಕಾರ್ಮಿಕನಿಗೆ ನಡೆಯುವ ವೈದ್ಯಕೀಯ ತಪಾಸಣೆಯಲ್ಲಿ ಅನರ್ಹತೆಯ ಕಾರಣಗಳ ನಡುವೆ ಮಾನಸಿಕ ಕಾಯಿಲೆಯೂ ಇದೆ. ‘ಹೇಳಿದರೆ ವೀಸಾ ಹೋಗುತ್ತದೆ’ ಎಂಬ ಭಯ ಬರೀ ಭ್ರಮೆಯಲ್ಲ. ಕಂಪೆನಿಯೇ ತನ್ನ ನೌಕರರಿಗಾಗಿ ಆಪ್ತಸಮಾಲೋಚನೆಯ ಆ್ಯಪ್ ಕೊಟ್ಟರೆ, ಅದರ ಹಣ ಕಂಪೆನಿಯದ್ದು, ಅಲ್ಲಿ ಆಡಿದ ಮಾತು ಯಾರ ಮೇಜಿಗೆ ಹೋಗುತ್ತದೆ? ಫಿನ್ಲೆಂಡಿನಂಥ ಮುಂದುವರಿದ ದೇಶದಲ್ಲೇ ವಸ್ತಾಮೊ ಎಂಬ ಮನಶ್ಚಿಕಿತ್ಸಾ ಸಂಸ್ಥೆಯ ಸಾವಿರಾರು ರೋಗಿಗಳ ಟಿಪ್ಪಣಿಗಳು ಕಳುವಾಗಿ, 2020ರಲ್ಲಿ ಆ ರೋಗಿಗಳಿಗೇ ‘ಹಣ ಕೊಡು, ಇಲ್ಲವಾದರೆ ಬಯಲು ಮಾಡುತ್ತೇವೆ’ ಎಂಬ ಬೆದರಿಕೆ ಬಂತು. ಭಾರತದಲ್ಲಿ ವೈಯಕ್ತಿಕ ಮಾಹಿತಿ ರಕ್ಷಣೆಯ ಕಾನೂನು ಬಂದದ್ದು 2023ರಲ್ಲಿ. ವೀಸಾದ ದಾರದಲ್ಲಿ ನೇತಾಡುವವನು ಪರದೆಯ ಮುಂದೆ ಬಾಯಿ ಬಿಗಿಹಿಡಿದರೆ ಅವನನ್ನು ಅಜ್ಞಾನಿ ಎನ್ನುವ ಹಕ್ಕು ನಮಗಿಲ್ಲ.

ಐದನೆಯದು ನುಡಿ. ಆತಂಕವನ್ನು ಮನುಷ್ಯ ಹೇಳುವುದು ಶಾಲೆಯಲ್ಲಿ ಕಲಿತ ಭಾಷೆಯಲ್ಲಲ್ಲ, ತಾಯಿಯನ್ನು ಕರೆಯುವ ಭಾಷೆಯಲ್ಲಿ. ಬ್ಯಾರಿ, ನವಾಯಿತಿ, ತುಳು ಮಾತನಾಡುವವನು ಹಿಂದಿಯಲ್ಲೋ ಇಂಗ್ಲಿಷಿನಲ್ಲೋ ಹೇಳಹೊರಟರೆ ಅವನಿಗೆ ಸಿಗುವುದು ‘ಟೆನ್ಶನ್’ ಎಂಬ ಒಂದೇ ಪದ. 2007ರಲ್ಲಿ ಬ್ಯಾರಿ ಸಾಹಿತ್ಯ ಅಕಾಡೆಮಿ ಸ್ಥಾಪನೆಯಾಯಿತು. ಕವಿಗೋಷ್ಠಿಗಳು ನಡೆದವು, ನಿಘಂಟಿನ ಕೆಲಸವೂ ನಡೆಯಿತು. ಇವೆಲ್ಲ ಬೇಕು. ಆದರೆ ಮನಸ್ಸಿನ ನೋವನ್ನು ಬ್ಯಾರಿಯಲ್ಲಿ ಕೇಳಿಸಿಕೊಳ್ಳಬಲ್ಲ ಎಷ್ಟು ತರಬೇತಾದ ಯುವಕ ಯುವತಿಯರನ್ನು ನಾವು ಬೆಳೆಸಿದ್ದೇವೆ? ನಮ್ಮ ಮಕ್ಕಳನ್ನು ಇಂಜಿನಿಯರಿಂಗಿಗೆ, ವೈದ್ಯಕೀಯಕ್ಕೆ ಕಳುಹಿಸಲು ಪೈಪೋಟಿ ನಡೆಸುವ ನಮಗೆ ಮನಶ್ಶಾಸ್ತ್ರ ಒಂದು ಓದು ಎಂದೇ ಅನಿಸಿಲ್ಲ.

ಈಗ ಮನುಷ್ಯರೇ ಬೇಡ, ಯಂತ್ರವೇ ಉತ್ತರಿಸುತ್ತದೆ ಎನ್ನುವ ಕಾಲವೂ ಬಂದಿದೆ. 1966ರಲ್ಲಿ ಅಮೆರಿಕದ ಜೋಸೆಫ್ ವೈಝೆನ್‌ಬಾಮ್ ‘ಎಲೈಝಾ’ ಎಂಬ ಮಾತನಾಡುವ ಕಂಪ್ಯೂಟರ್ ಕಾರ್ಯಕ್ರಮವನ್ನು ಪ್ರಕಟಿಸಿದರು. ನಾವು ಹೇಳಿದ್ದನ್ನೇ ತಿರುಗಿಸಿ ಪ್ರಶ್ನೆ ಕೇಳುವುದಷ್ಟೇ ಅದರ ಜಾಣ್ಮೆ. ಅದು ಯಂತ್ರವೆಂದು ಗೊತ್ತಿದ್ದೂ ಅವರ ಕಾರ್ಯದರ್ಶಿ ಅದರೊಡನೆ ಮಾತಿಗೆ ಕುಳಿತಾಗ ವೈಝೆನ್‌ಬಾಮ್‌ರನ್ನೇ ಕೋಣೆಯಿಂದ ಹೊರಗೆ ಹೋಗಲು ಹೇಳಿದರಂತೆ. ಮನುಷ್ಯ ಯಂತ್ರಕ್ಕೂ ಗುಟ್ಟು ಹೇಳಬಲ್ಲ, ಆಡಿಗೂ ಹೇಳಬಲ್ಲ ಎಂಬುದಕ್ಕೆ ಇದು ಸಾಕ್ಷಿ. ಅದು ಯಂತ್ರದ ಹೆಚ್ಚುಗಾರಿಕೆ ಅಲ್ಲ, ಸುತ್ತ ಇರುವ ಮನುಷ್ಯರ ಸೋಲು.

ಕಳವಳ, ಸಾಲ, ದಬ್ಬಾಳಿಕೆ

ಇಲ್ಲಿ ಧರ್ಮದ ಮಾತೂ ಬರಬೇಕು. ಏಕೆಂದರೆ ಆ ಕೆಲಸಗಾರನಿಗೆ ಸಿಗುವ ಮೊದಲ ಸಲಹೆಯೇ ಧರ್ಮದ ಹೆಸರಿನಲ್ಲಿರುತ್ತದೆ. ‘ಸಬ್ರ್ ಮಾಡು, ತವಕ್ಕುಲ್ ಇರಲಿ’ ಎನ್ನುವವರ ಉದ್ದೇಶ ಕೆಟ್ಟದ್ದಲ್ಲ. ಆದರೆ ಅದರ ಧ್ವನಿಯಲ್ಲಿ ‘ನಿನ್ನ ಈಮಾನ್ ದುರ್ಬಲವಾಗಿದ್ದರಿಂದಲೇ ಹೀಗಾಯಿತು’ ಎಂಬ ಆಪಾದನೆ ಸೇರಿಕೊಂಡರೆ, ಭಯದ ಮೇಲೆ ಪಾಪಪ್ರಜ್ಞೆಯ ಹೊರೆಯೂ ಬೀಳುತ್ತದೆ. ಪ್ರವಾದಿ ಯಅ್‌ಕೂಬ್(ಅ) ಅವರ ಈಮಾನನ್ನು ಯಾರು ಪ್ರಶ್ನಿಸಬಲ್ಲರು? ದೂರವಾದ ಮಗ ಯೂಸುಫ್(ಅ)ರಿಗಾಗಿ ದುಃಖಿಸಿ ಅವರ ಕಣ್ಣುಗಳೇ ಬೆಳ್ಳಗಾದವು ಎಂದು ಕುರ್‌ಆನ್ ತಿಳಿಸುತ್ತದೆ. ಆ ದುಃಖವನ್ನು ಅದು ಅವರ ವಿಶ್ವಾಸದ ಕೊರತೆ ಎಂದು ಕರೆದಿಲ್ಲ. ಅಗಲಿಕೆಯಿಂದ ದೇಹ ಕುಗ್ಗುತ್ತದೆ ಎಂಬುದನ್ನು ಸಹಜವೆಂಬಂತೆ ಹೇಳಿದೆ.

ಪ್ರವಾದಿವರ್ಯರು(ಸ) ಆಗಾಗ ಮಾಡುತ್ತಿದ್ದ ದುಆವೊಂದು ಬುಖಾರಿಯಲ್ಲಿ ವರದಿಯಾಗಿದೆ. ಅದರಲ್ಲಿ ಅವರು ಅಲ್ಲಾಹನ ಅಭಯ ಯಾಚಿಸಿದ ವಿಷಯಗಳ ಪಟ್ಟಿಯನ್ನು ಗಮನಿಸಬೇಕು. ಕಳವಳ ಮತ್ತು ದುಃಖದಿಂದ ಅದು ಆರಂಭವಾಗುತ್ತದೆ. ಸಾಲದ ಭಾರ ಮತ್ತು ಜನರ ದಬ್ಬಾಳಿಕೆಯೊಡನೆ ಮುಗಿಯುತ್ತದೆ. ಮನಸ್ಸಿನ ಕಳವಳವನ್ನೂ, ಜೇಬಿನ ಸಾಲವನ್ನೂ, ಮೇಲಿನವನ ದಬ್ಬಾಳಿಕೆಯನ್ನೂ ಒಂದೇ ಬೇಡಿಕೆಯಲ್ಲಿ ಸೇರಿಸಿದ ಈ ದುಆ ಕೊಲ್ಲಿಯ ಕೆಲಸಗಾರನಿಗಾಗಿಯೇ ಎಂಬಂತಿದೆ. ಇಂದಿನ ಆಪ್ತಸಮಾಲೋಚನೆಯ ಬಗ್ಗೆ ನಮ್ಮ ಮುಖ್ಯ ತಕರಾರು ಇರುವುದೂ ಇಲ್ಲೇ. ಅದು ಪಟ್ಟಿಯ ಮೊದಲ ಭಾಗವನ್ನು ಮಾತ್ರ ಕೈಗೆತ್ತಿಕೊಳ್ಳುತ್ತದೆ. ಕಳವಳ ನಿನ್ನ ಯೋಚನೆಯಲ್ಲಿದೆ, ಯೋಚನೆ ಬದಲಿಸಿಕೋ ಎನ್ನುತ್ತದೆ. ಆದರೆ ವೀಸಾಕ್ಕೆ ಕೊಟ್ಟ ಸಾಲ ಯೋಚನೆಯಲ್ಲಿಲ್ಲ, ಬಡ್ಡಿಯ ಪುಸ್ತಕದಲ್ಲಿದೆ. ಪಾಸ್‌ಪೋರ್ಟು ಕಪಾಟಿನಲ್ಲಿಟ್ಟುಕೊಂಡವನು ಯೋಚನೆಯಲ್ಲಿಲ್ಲ, ಕಚೇರಿಯಲ್ಲಿದ್ದಾನೆ. ಮೂರು ತಿಂಗಳ ಸಂಬಳ ಬಾಕಿಯಿರುವವನಿಗೆ ನಿಧಾನವಾಗಿ ಉಸಿರಾಡಲು ಕಲಿಸುವುದು ತಪ್ಪಲ್ಲ. ಅಷ್ಟಕ್ಕೇ ಬಿಟ್ಟರೆ ತಪ್ಪು.

2022ರ ಸೆಪ್ಟೆಂಬರ್‌ನಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಕೆಲಸದ ಸ್ಥಳದ ಮಾನಸಿಕ ಆರೋಗ್ಯದ ಬಗ್ಗೆ ಮಾರ್ಗಸೂಚಿ ಹೊರಡಿಸಿತು. ಕೆಲಸದ ಹೊರೆ, ಪಾಳಿ, ಕಿರುಕುಳಗಳಂಥ ಮೂಲ ಕಾರಣಗಳನ್ನು ಸರಿಪಡಿಸುವುದಕ್ಕೂ ಅದು ಒತ್ತು ಕೊಟ್ಟಿದೆ. ಖಿನ್ನತೆ ಮತ್ತು ಆತಂಕಗಳಿಂದ ಜಗತ್ತು ವರ್ಷಕ್ಕೆ 1200 ಕೋಟಿ ಕೆಲಸದ ದಿನಗಳನ್ನು ಕಳೆದುಕೊಳ್ಳುತ್ತಿದೆ ಎಂಬ ಲೆಕ್ಕವನ್ನೂ ಅಂದು ಮುಂದಿಟ್ಟಿತು. ಇಂಥ ಲೆಕ್ಕಗಳಿಂದ ಎಚ್ಚೆತ್ತ ಕಂಪೆನಿಗಳಿಗೆ ಒಂದು ಸುಲಭದ ದಾರಿ ಇದೆ. ಕ್ಯಾಂಪಿನ ಗೋಡೆಗೆ ಸಹಾಯವಾಣಿಯ ಸಂಖ್ಯೆ ಅಂಟಿಸಿದರೆ ಅಗ್ಗ. ಕೋಣೆಯ ಮಂಚಗಳ ಸಂಖ್ಯೆ ಇಳಿಸಿದರೆ, ವರ್ಷಕ್ಕೊಮ್ಮೆ ಊರಿಗೆ ಕಳುಹಿಸಿದರೆ ದುಬಾರಿ. ಅಗ್ಗದ್ದನ್ನು ಮಾಡಿ ದುಬಾರಿಯದ್ದನ್ನು ಮರೆಸಲು ಆಪ್ತಸಮಾಲೋಚನೆ ಬಳಕೆಯಾಗಬಾರದು.

ಹತ್ತನೆಯ ಶತಮಾನದ ಆಸುಪಾಸಿನಲ್ಲಿ ಬದುಕಿದ್ದ ಅಬೂ ಝೈದ್ ಅಲ್ ಬಲ್ಖಿ ದೇಹ ಮತ್ತು ಮನಸ್ಸುಗಳ ಪೋಷಣೆಯ ಕುರಿತು ಒಂದು ಗ್ರಂಥ ಬರೆದರು. ಭಯ, ಕೋಪ, ದುಃಖ, ಕಾಡುವ ಯೋಚನೆಗಳ ಬಗ್ಗೆ ಅದರಲ್ಲಿ ಬೇರೆ ಬೇರೆ ಅಧ್ಯಾಯಗಳಿವೆ. ಮನೆಯಲ್ಲಿ ತುರ್ತಿಗೆ ಔಷಧ ಇಟ್ಟುಕೊಳ್ಳುವಂತೆ, ನೆಮ್ಮದಿಯಿರುವಾಗಲೇ ಒಳ್ಳೆಯ ಯೋಚನೆಗಳನ್ನು ಸಂಗ್ರಹಿಸಿಟ್ಟು ಭಯ ಬಂದಾಗ ಬಳಸಬೇಕೆಂಬ ಅವರ ಸಲಹೆ ಇಂದಿನ ಸಮಾಲೋಚಕರ ಮಾತಿನಂತೆಯೇ ಇದೆ. ಅದರೊಡನೆ ಅವರು ಇನ್ನೊಂದನ್ನೂ ಹೇಳಿದರು. ಕಾಡುವ ಯೋಚನೆಗಳಿರುವವನು ಒಂಟಿಯಾಗಿರಬಾರದು, ಜನರ ನಡುವೆ ಇರಬೇಕು. ಅಂದರೆ ನಮ್ಮ ಪರಂಪರೆಯಲ್ಲಿ ಮನಸ್ಸಿನ ಚಿಕಿತ್ಸೆ ನಿಷಿದ್ಧವಾಗಿರಲಿಲ್ಲ. ಅದು ಮನುಷ್ಯರ ಸಹವಾಸದಿಂದ ಬೇರೆಯೂ ಆಗಿರಲಿಲ್ಲ.

ಮಾಡಬಹುದಾದ ಕೆಲಸ

ಅನಿವಾಸಿ ಕನ್ನಡಿಗರ, ಬ್ಯಾರಿಗಳ, ನವಾಯಿತರ ಸಂಘಟನೆಗಳು ಕೊಲ್ಲಿಯಲ್ಲಿ ಬೇಕಾದಷ್ಟಿವೆ. ರಕ್ತದಾನ ಶಿಬಿರ ನಡೆಸುತ್ತವೆ, ರಮಝಾನಿನಲ್ಲಿ ಇಫ್ತಾರ್ ಕೂಟ ಏರ್ಪಡಿಸುತ್ತವೆ, ಸತ್ತವರ ಮೃತದೇಹವನ್ನು ಊರಿಗೆ ತಲುಪಿಸಲು ಹಗಲಿರುಳು ಓಡಾಡುತ್ತವೆ. ಅವರ ಸೇವೆಯನ್ನು ನಾವು ಕೃತಜ್ಞತೆಯಿಂದ ನೆನೆಯುತ್ತೇವೆ. ಅವರ ಮುಂದೆ ಒಂದು ಸಣ್ಣ ವಿನಂತಿ ಇದೆ. ರಜಾದಿನ ಎರಡು ಮೂರು ಗಂಟೆಗಳ ಕಾಲ ಒಂದು ಕೋಣೆಯನ್ನು ತೆರೆದಿಡಿ. ಅದರಲ್ಲಿ ಒಂದು ಕುರ್ಚಿ, ಕೆಲಸ ಮಾಡುವ ಇಂಟರ್ನೆಟ್, ಒಳಗಿನಿಂದ ಚಿಲಕ ಹಾಕಬಹುದಾದ ಬಾಗಿಲು ಇದ್ದರೆ ಸಾಕು. ಬಂದವನ ಹೆಸರು ಕೇಳಬೇಡಿ. ಕ್ಯಾಂಪಿನವನಿಗೆ ಕೊರತೆಯಾಗಿರುವುದು ಮೊಬೈಲ್ ಅಲ್ಲ, ಬಾಗಿಲು.

ಸರಕಾರದ ಮುಂದೆಯೂ ಬೇಡಿಕೆಗಳಿವೆ. ವಿದೇಶಕ್ಕೆ ಹೊರಡುವ ಕಾರ್ಮಿಕರಿಗೆ ನೀಡುವ ಪೂರ್ವ ತರಬೇತಿಯಲ್ಲಿ ಮನಸ್ಸಿನ ಆರೋಗ್ಯಕ್ಕೆ ಒಂದು ಗಂಟೆ ಮೀಸಲಿಡಲಿ. ಟೆಲಿ ಮಾನಸ್‌ಗೆ ಹೊರದೇಶದಿಂದಲೂ ಸುಲಭವಾಗಿ ತಲುಪುವ ದಾರಿ ಸಿಗಲಿ. ದುಬೈ, ರಿಯಾದ್, ಜಿದ್ದಾಗಳಲ್ಲಿರುವ ಪ್ರವಾಸಿ ಭಾರತೀಯ ಸಹಾಯ ಕೇಂದ್ರಗಳು ಸಂಬಳದ ದೂರನ್ನೂ ಮನಸ್ಸಿನ ದೂರನ್ನೂ ಒಂದೇ ಮೇಜಿನಲ್ಲಿ ಕೇಳಿಸಿಕೊಳ್ಳಲಿ, ಏಕೆಂದರೆ ಎಷ್ಟೋ ಬಾರಿ ಅವೆರಡೂ ಒಂದೇ ದೂರು. ಊರಿನ ಖತೀಬರು ವರ್ಷಕ್ಕೊಮ್ಮೆಯಾದರೂ ಜುಮಾ ಖುತ್ಬಾದಲ್ಲಿ, ಆತಂಕಕ್ಕೆ ಚಿಕಿತ್ಸೆ ಪಡೆಯುವುದು ತವಕ್ಕುಲಿಗೆ ವಿರೋಧವಲ್ಲ ಎಂದು ಸ್ಪಷ್ಟವಾಗಿ ಹೇಳಲಿ.

ಇವೆಲ್ಲಕ್ಕೂ ಮೊದಲು ಮನೆಯಲ್ಲಿರುವ ನಮ್ಮ ಕೆಲಸವಿದೆ. ಕೊಲ್ಲಿಯಿಂದ ಫೋನ್ ಬಂದಾಗ ನಾವು ‘ಹೇಗಿದ್ದಿ?’ ಎಂದು ಕೇಳುತ್ತೇವೆ, ಅವನು ‘ಸುಖ’ ಎನ್ನುತ್ತಾನೆ, ನಾವು ಕೂಡಲೇ ಅಡುಗೆಮನೆಯ ಟೈಲ್ಸಿನ ಮಾತಿಗೆ ಬರುತ್ತೇವೆ. ಆ ಸುಳ್ಳನ್ನು ಹೇಳಿದವನು ಅವನಾದರೂ, ಹೇಳಿಸಿದವರು ನಾವು. ಉಮ್ಮ ಒಂದು ದಿನವಾದರೂ ಹಣದ ಮಾತೆತ್ತದೆ, ಎರಡನೆಯ ಬಾರಿ ಕೇಳಲಿ: ‘ಮೋನೇ, ರಾತ್ರಿ ನಿದ್ದೆ ಬರುತ್ತದಾ? ನಿಜ ಹೇಳು. ಕಷ್ಟವಾದರೆ ಬಂದುಬಿಡು, ಗಂಜಿ ಕುಡಿದು ಇರೋಣ.’ ಅಷ್ಟು ಕೇಳಿದ ಮಾತ್ರಕ್ಕೆ ಅವನ ಆತಂಕ ವಾಸಿಯಾಗದು, ಸಾಲವೂ ತೀರದು. ಸಮಾಲೋಚಕರ ನೆರವು ಆಗಲೂ ಬೇಕಾಗಬಹುದು. ಆದರೆ ಆ ರಾತ್ರಿ ಅವನು ಸಮಾಲೋಚಕರಿಗೆ ಕರೆ ಮಾಡುವಾಗ, ಮನೆಯವರಿಂದ ಬಚ್ಚಿಟ್ಟು ಮಾಡುತ್ತಿರುವ ತಪ್ಪೊಂದು ಇದು ಎಂದು ಅವನಿಗೆ ಅನಿಸುವುದಿಲ್ಲ.